ಯಾರ ಲೆಕ್ಕಕ್ಕೆ ತಮ್ಮ

ಲಾಂಡ್ರಿ ಅಕ್ಕನಿಗೆ ವರ್ಷಕ್ಕೊಮ್ಮೆ ಬರುವ ಸುಖವೊಂದಿತ್ತು. ಅದೇನೆಂದು ಹೇಳಿದರೆ ಕೇಳಿದವರು ನಗುತ್ತಾರೆ: ತೆರಿಗೆಯ ಕಾಗದ ತುಂಬಿಸುವ ದಿನ. ಬೀದಿಯ ಉಳಿದವರೆಲ್ಲ ಹಲ್ಲು ಕೀಳಿಸಿಕೊಳ್ಳಲು ಹೊರಟವರ ಹಾಗೆ ಮುಖ ಹುಳ್ಳಗೆ ಮಾಡಿಕೊಂಡು ಲೆಕ್ಕದ ಮೇಷ್ಟ್ರ ಕೋಣೆಗೆ ಹೋಗುತ್ತಿದ್ದರೆ, ಅಕ್ಕ ಮಾತ್ರ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ತಲೆ ಬಾಚಿ, ತಾನೇ ಇಸ್ತ್ರಿ ಮಾಡಿದ ಒಳ್ಳೆಯ ಬಟ್ಟೆ ತೊಟ್ಟು, ಮದುವೆ ಮನೆಗೆ ಹೊರಟಂತೆ ಹೊರಡುತ್ತಿದ್ದಳು.

ಮೇಷ್ಟ್ರು ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ಅಂಗಡಿಯ ಬಾಡಿಗೆ, ಕರೆಂಟು, ಸೋಪಿನ ಖರ್ಚು, ಎಲ್ಲದಕ್ಕೂ ಅವಳು ಹಾಂ ಹೂಂ ಎಂದು ಮುಗಿಸಿಬಿಡುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಒಂದೇ ಒಂದು ಪ್ರಶ್ನೆಗೆ.

“ನಿಮ್ಮ ಮೇಲೆ ಅವಲಂಬಿತರು ಯಾರಾದ್ರೂ ಇದ್ದಾರಾ?”

“ಇದ್ದಾನಲ್ಲ. ನನ್ನ ತಮ್ಮ.”

ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. “ಒಂದ್ಸಲ ಓದಿ ಮೇಷ್ಟ್ರೇ, ತಪ್ಪಾಗಿರಬಾರದು ನೋಡಿ,” ಎನ್ನುತ್ತಿದ್ದಳು ಅಕ್ಕ. ಅವರು ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಓದುತ್ತಿದ್ದರು: “ಅವಲಂಬಿತರು, ಒಬ್ಬರು. ಸಂಬಂಧ, ತಮ್ಮ.” ಅಕ್ಕನ ಹೊಟ್ಟೆ ತಣ್ಣಗಾಗುತ್ತಿತ್ತು. ಅದರಿಂದ ತೆರಿಗೆಯಲ್ಲಿ ಅಷ್ಟೋ ಇಷ್ಟೋ ಕಡಿಮೆಯಾಗುತ್ತಿತ್ತು, ನಿಜ. ಆದರೆ ಅವಳು ಅಷ್ಟಕ್ಕಾಗಿ ಹೋಗುತ್ತಿದ್ದಳೆಂದು ಯಾರಾದರೂ ಅಂದರೆ ಅವರು ಅವಳನ್ನು ಅರಿಯದವರು. ತಮ್ಮ ತನ್ನವನು ಎಂದು ಸರಕಾರವೇ ಒಪ್ಪಿ ಮೊಹರು ಒತ್ತುತ್ತಿತ್ತಲ್ಲ, ಅವಳಿಗೆ ಬೇಕಾಗಿದ್ದದ್ದು ಅದು. ಯಾಕೆಂದರೆ ಆ ತಮ್ಮನಿಗೆ ಅಕ್ಕ ಇನ್ನೊಬ್ಬಳಿದ್ದಳು.

ಒಡಹುಟ್ಟಿದವರು ಮೂವರು. ಇವಳು ದೊಡ್ಡವಳು, ನಡುವೆ ತಂಗಿ, ಕೊನೆಗೆ ತಮ್ಮ. ತಮ್ಮ ಇನ್ನೂ ನೆಟ್ಟಗೆ ನಿಲ್ಲಲು ಕಲಿಯುವ ಮೊದಲೇ ತಾಯಿ ತೀರಿಕೊಂಡಳು. ಅಪ್ಪ ಇದ್ದೂ ಇಲ್ಲದ ಹಾಗಿದ್ದ ಮನುಷ್ಯ. ಎರಡು ಜಡೆಯ ಹುಡುಗಿಯರಿಬ್ಬರು ಆ ಕೂಸಿಗಾಗಿ ಕಿತ್ತಾಡಿಕೊಂಡೇ ಅದನ್ನು ಬೆಳೆಸಿದರು. ಅವನಿಗೆ ಉಬ್ಬಸ. ರಾತ್ರಿಯೆಲ್ಲ ಎದೆಗೆ ಒರಗಿಸಿಕೊಂಡು ಕೂತವಳು ದೊಡ್ಡವಳು; ಬೆಳಿಗ್ಗೆ ಎದ್ದು ತಲೆಗೆ ಪಾತ್ರೆ ಮಗುಚಿಕೊಂಡು ಕುಣಿದು ತೋರಿಸಿದವಳು ತಂಗಿ. ಮೂಗು ಹಿಡಿದು ಔಷಧಿ ಕುಡಿಸಿದವಳು ಇವಳು, ನಗಿಸಿದವಳು ಅವಳು. ಮಕ್ಕಳಿಗೆ ಯಾರನ್ನು ಕಂಡರೆ ಆಸೆ ಎಂದು ಬೇರೆ ಹೇಳಬೇಕೇ? ಅವತ್ತಿನಿಂದ ಅಕ್ಕನ ಹೊಟ್ಟೆಯಲ್ಲಿ ಸಣ್ಣದೊಂದು ಕೆಂಡ ಬೂದಿ ಮುಚ್ಚಿಕೊಂಡು ಕೂತಿತ್ತು.

ತಂಗಿ ಮದುವೆಯಾಗಿ ಬೇರೆ ಮನೆ ಮಾಡಿದಳು, ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡಳು, ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ತನ್ನ ಪಾಡಿಗೆ ತಾನಿದ್ದಳು. ತಮ್ಮ ಮಾತ್ರ ದೊಡ್ಡವಳ ಮನೆಯಲ್ಲೇ ಉಳಿದ. ಲಾಂಡ್ರಿಯ ಹಿಂದಿನ ಕೋಣೆ ಅವನದು. ಯಾವ ಕೆಲಸಕ್ಕೆ ಸೇರಿಸಿದರೂ ಮೊದಲ ಸಂಬಳ ಬರುವ ಮುಂಚೆಯೇ ವಾಪಸು ಬರುತ್ತಿದ್ದ. ತಲೆಯ ನಡುವೆ ಕೂದಲು ಉದುರಿ ಬಯಲು ಕಾಣುವ ವಯಸ್ಸಾದ ಮೇಲೆ ಅವನೇ ಒಂದು ಕೆಲಸ ಹುಡುಕಿಕೊಂಡ. ಕ್ಲಿನಿಕ್ಕುಗಳಲ್ಲಿ, ಬ್ಯಾಂಕುಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಇಟ್ಟಿರುತ್ತಾರಲ್ಲ, ಅವುಗಳ ಪಾಚಿ ಕೆರೆದು, ನೀರು ಬದಲಿಸಿ, ಕಾಯಿಲೆ ಬಿದ್ದ ಮೀನಿಗೆ ಔಷಧಿ ಹಾಕಿ ಬರುವ ಕೆಲಸ.

“ಮೀನಿಗೆ ಸ್ನಾನ ಮಾಡಿಸೋದೂ ಒಂದು ಕೆಲಸಾನೇನೋ?” ಎಂದು ಅಕ್ಕ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ತಮ್ಮನೂ ನಕ್ಕಿದ್ದ. ಮೊದಲ ದುಡ್ಡು ಕೈಗೆ ಬಂದಾಗ ತಂದು ಅವಳ ಮುಂದೆ ಹಿಡಿದ. ಅವಳು ಅವನ ಕೈಯನ್ನೇ ಮಡಚಿ ವಾಪಸು ಕಳಿಸಿದಳು. “ನಿನ್ನ ಮೀನಿನ ದುಡ್ಡು ನೀನೇ ಇಟ್ಕೊಳೋ. ನೀನು ಉಣ್ಣೋ ಊಟಕ್ಕೆ ನಾನು ಬಿಲ್ಲು ಹಾಕ್ಬೇಕಾ?” ಆಮೇಲೂ ನಾಲ್ಕಾರು ಸಲ ತಂದ. ನಾಲ್ಕಾರು ಸಲವೂ ಅದೇ ಮಾತು. ಕೊನೆಗೆ ತರುವುದನ್ನೇ ಬಿಟ್ಟ. ಅವನಿಗೆ ಎಷ್ಟು ಬರುತ್ತದೆ, ಎಲ್ಲಿಂದ ಬರುತ್ತದೆ ಎಂದು ಅವಳು ಒಂದು ದಿನವೂ ಕೇಳಲಿಲ್ಲ. ಕೇಳದಿರುವುದೇ ಅವಳ ದೊಡ್ಡಸ್ತಿಕೆಯಾಗಿತ್ತು. ಅಂಗಡಿಗೆ ಬಂದವರ ಮುಂದೆ, “ಏನು ಮಾಡೋದು, ನಾನಿರೋವರೆಗೂ ಅವನಿಗೆ ನಾನೇ ದಿಕ್ಕು,” ಎಂದು ನಿಟ್ಟುಸಿರು ಬಿಡುವಾಗ ಅವಳ ಮುಖ ಬೆಳಗುತ್ತಿತ್ತು.

ಈ ಬೆಳಕಿಗೆ ಮೊದಲು ಮಸಿ ಬಳಿದವಳು ಟೈಲರಮ್ಮ. ತೆರಿಗೆಯ ದಿನಗಳು ಹತ್ತಿರ ಬಂದಿದ್ದವು. ಅವಳು ಹೊಲಿದ ಕೋಟುಗಳನ್ನು ಇಸ್ತ್ರಿಗೆ ತಂದು ಮೇಜಿನ ಮೇಲೆ ಹಾಕುತ್ತ, “ನಿನ್ನ ತಮ್ಮ ಮನೆ ಬದಲಾಯಿಸಿದ್ನಾ?” ಅಂದಳು.

“ಯಾಕೆ? ಹಿಂದಿನ ಕೋಣೇಲೇ ಇದ್ದಾನಲ್ಲ.”

“ಅಲ್ಲ, ದಿನಾ ಸಂಜೆ ನಿನ್ನ ತಂಗಿ ಮನೆ ಮೆಟ್ಟಿಲ ಮೇಲೆ ಕಾಣಿಸ್ತಾನಪ್ಪ. ಎರಡು ಕೈಯಲ್ಲೂ ಚೀಲ. ಮೀನಿನ ಕೆಲಸ ಬಿಟ್ಟು ಅವಳ ಮನೆ ಸಂಬಳದಾಳು ಆದ್ನೇನೋ ಅಂದ್ಕೊಂಡೆ.” ತಲೆಗೆ ಹುಳ ಬಿಟ್ಟು ಟೈಲರಮ್ಮ ಹೊರಟುಹೋದಳು.

ಅಕ್ಕ ಆ ಕೋಟುಗಳಲ್ಲಿ ಒಂದರ ತೋಳನ್ನು ಎರಡು ಸಲ ಇಸ್ತ್ರಿ ಮಾಡಿದಳು, ಇನ್ನೊಂದರದನ್ನು ಮಾಡಲೇ ಇಲ್ಲ. ದಿನಾ ಸಂಜೆ! ತನ್ನ ಹತ್ತಿರ ಮಾತ್ರ, “ಕೆಲಸ ಜಾಸ್ತಿ ಇತ್ತಕ್ಕ,” ಎಂದು ಹೇಳಿ ತಡವಾಗಿ ಬಂದು ಉಣ್ಣುತ್ತಾನೆ. ಅದೂ ಈಚೆಗೆ ಅರೆಹೊಟ್ಟೆ ಉಣ್ಣುತ್ತಾನೆ. ಅಂದರೆ ಉಳಿದ ಅರ್ಧ ಎಲ್ಲಿ ತುಂಬುತ್ತಿದೆ?

ಒಗೆಯಲು ಬಂದ ಬಟ್ಟೆಯ ಜೇಬು ತಡಕುವುದು ಲಾಂಡ್ರಿಯವರ ಮೊದಲ ಕೆಲಸ. ಜೇಬಿನಲ್ಲಿ ಸಿಕ್ಕಿದ್ದನ್ನು ಅಕ್ಕ ಸಣ್ಣ ಲಕೋಟೆಗೆ ಹಾಕಿ, ಆ ಬಟ್ಟೆಗೇ ಪಿನ್ನು ಚುಚ್ಚಿ ಹಿಂದಿರುಗಿಸುತ್ತಿದ್ದಳು. ಯಾರ ಜೇಬಿನಲ್ಲಿ ಏನಿತ್ತೆಂದು ಅವಳ ಬಾಯಿಂದ ಒಂದು ಮಾತು ಹೊರಬಿದ್ದದ್ದಿಲ್ಲ, ಆ ವಿಷಯದಲ್ಲಿ ಅವಳು ಕಟ್ಟುನಿಟ್ಟು. ಆದರೆ ತಮ್ಮನ ಜೇಬಿಗೆ ಅವಳು ಕೈ ಹಾಕುತ್ತಿರಲಿಲ್ಲ. ಅವನೇ ಖಾಲಿ ಮಾಡಿ ಬುಟ್ಟಿಗೆ ಹಾಕಬೇಕು, ಮರೆತರೆ ಅವನ ಹಣೆಬರಹ. ಒಮ್ಮೆ ಅವನ ಬಸ್ ಪಾಸು ಹಿಟ್ಟಾಗಿ ಹೊರಬಂದಿತ್ತು. ಅವನ ಜೇಬು ನೋಡುವುದೆಂದರೆ ಅವನ ಸಂಪಾದನೆಯ ಮೇಲೆ ಕಣ್ಣು ಹಾಕಿದಂತೆ ಎಂದು ಅವಳ ಲೆಕ್ಕ.

ಆವತ್ತು ಹಾಕಿದಳು. ಬುಟ್ಟಿಯ ಮೇಲೇ ಇದ್ದ ಅವನ ಪ್ಯಾಂಟನ್ನು ಎತ್ತಿದವಳೇ ಆಚೀಚೆ ನೋಡಿ ಜೇಬಿಗೆ ಕೈ ಇಳಿಸಿದಳು. ಬೆರಳಿಗೆ ತಣ್ಣಗೆ ತಗುಲಿದ್ದು ಬೀಗದ ಕೈ. ಅದರ ತುದಿಯಲ್ಲಿ ತಗಡಿನದೊಂದು ಪುಟ್ಟ ಕನ್ನಡಕ ತೂಗಾಡುತ್ತಿತ್ತು. ಆ ಕನ್ನಡಕವನ್ನು ಅವಳು ಬಲ್ಲಳು. ತಂಗಿಯ ಅಂಗಡಿಯವರು ಕೆಲಸದವರಿಗೆಲ್ಲ ಹಂಚಿದ್ದು. ತಂಗಿ ಅದನ್ನು ಬೆರಳಲ್ಲಿ ತಿರುಗಿಸುತ್ತ ತೋರಿಸಿದ್ದಳು.

ತಂಗಿಯ ಮನೆಯ ಬೀಗದ ಕೈ ತಮ್ಮನ ಜೇಬಿನಲ್ಲಿ! ತನಗೆ ಅವಳು ಒಂದು ದಿನವಾದರೂ ಅದನ್ನು ಕೊಟ್ಟಿದ್ದಳೇ? ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಒಂದೆರಡು ವರ್ಷದ ಹಿಂದೆ ತಂಗಿ ಆಡಿದ್ದ ಮಾತು ಈಗ ನೆನಪಾಯಿತು. “ಯಾವಾಗ್ಲೂ ನೀನೇ ಬರ್ಕೋತೀಯಲ್ಲಕ್ಕ, ಒಂದು ವರ್ಷ ನನ್ನ ಲೆಕ್ಕಕ್ಕೂ ಬಿಡೇ ಅವನನ್ನ.” ಆಗ ಅದು ತಮಾಷೆಯಾಗಿತ್ತು. ಈಗ ಅದರ ಒಂದೊಂದು ಅಕ್ಷರಕ್ಕೂ ಹಲ್ಲು ಮೂಡಿತು.

ಬೀಗದ ಕೈಯನ್ನು ಇದ್ದ ಜೇಬಿಗೇ ಹಾಕಿ, ಪ್ಯಾಂಟನ್ನು ಬುಟ್ಟಿಯ ಮೇಲೇ ಬಿಟ್ಟು, ಮಾರನೆಯ ದಿನ ಬೆಳಿಗ್ಗೆ ಅವಳು ಮೇಷ್ಟ್ರ ಹತ್ತಿರ ಓಡಿದಳು. ತಂಗಿಗಿಂತ ಮೊದಲು ತಾನು ಬರೆಸಿಬಿಟ್ಟರೆ ಮುಗಿಯಿತಲ್ಲ!

ಲೆಕ್ಕದ ಮೇಷ್ಟ್ರ ಕೋಣೆ ಇದ್ದದ್ದು ಫೋಟೋ ಸ್ಟುಡಿಯೋದ ಹಿಂಭಾಗದಲ್ಲಿ. ಶಾಲೆಯಿಂದ ನಿವೃತ್ತರಾದ ಮೇಲೆ ಬೀದಿಯವರ ತೆರಿಗೆ ಕಾಗದಗಳನ್ನೆಲ್ಲ ಅವರೇ ತುಂಬಿಸುತ್ತಿದ್ದರು. ಕಾಯುವವರು ಸ್ಟುಡಿಯೋದ ಜಲಪಾತದ ಪರದೆಯ ಮುಂದೆ, ಮದುಮಕ್ಕಳ ಸಿಂಹಾಸನದ ಮೇಲೆ ಕೂರಬೇಕು. ಅಕ್ಕ ಕೂರಲಿಲ್ಲ. ಸರದಿಯವರನ್ನು ದಾಟಿ ನೇರ ಒಳಗೆ ನುಗ್ಗಿದಳು.

“ಮೊದಲು ತಮ್ಮನ ಹೆಸರು ಬರೀರಿ ಮೇಷ್ಟ್ರೇ. ಉಳಿದದ್ದು ಆಮೇಲೆ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒರೆಸಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು. “ಈ ವರ್ಷ ಅವನ ಹೆಸರು ಬರೆಯೋಕಾಗಲ್ಲಮ್ಮ,” ಅಂದರು.

“ಯಾಕಾಗಲ್ಲ? ನನ್ನ ಮನೇಲಿ ಮಲಗ್ತಾನೆ, ನನ್ನ ಮನೇಲಿ ಉಣ್ತಾನೆ, ನನ್ನ ಸೋಪಲ್ಲೇ ಸ್ನಾನ ಮಾಡ್ತಾನೆ!”

“ಒಂದೇ ಸೂರಿನ ಕೆಳಗಿದ್ದ ಮಾತ್ರಕ್ಕೆ ಆಗಲ್ಲ. ಅದಕ್ಕೆ ಬೇರೆ ಷರತ್ತುಗಳಿವೆ.”

“ಹಾಗಾದ್ರೆ ಬೇರೆ ಮನೇಲಿರೋರು ಬರೀಬಹುದಾ? ಅಕ್ಕತಂಗೀರು?”

“ಒಡಹುಟ್ಟಿದವರಾದ್ರೆ ಬೇರೆ ಮನೇಲಿದ್ರೂ ಬರೀಬಹುದು. ಅವರ ಅರ್ಧಕ್ಕಿಂತ ಹೆಚ್ಚು ಖರ್ಚು ಯಾರು ನೋಡ್ಕೋತಾರೆ ಅನ್ನೋದು ಮುಖ್ಯ.”

“ಬರೆದಾಯ್ತಾ? ನನ್ನ ತಂಗಿ ಬಂದಿದ್ಲಾ ಇಲ್ಲಿಗೆ?”

“ಒಬ್ಬರ ಕಾಗದದ ವಿಷಯ ಇನ್ನೊಬ್ಬರ ಹತ್ರ ನಾನು ಮಾತಾಡೋ ಹಾಗಿಲ್ಲಮ್ಮ. ಮನೇಲಿ ಕೇಳಿ. ಕೇಳಿ ಬನ್ನಿ, ನಿಮ್ಮದು ಆಮೇಲೆ ನಿಧಾನವಾಗಿ ತುಂಬಿಸೋಣ.” ಮೇಷ್ಟ್ರ ದನಿಯಲ್ಲಿ ಮರುಕವಿತ್ತು. ಅಕ್ಕನಿಗೆ ಅಷ್ಟು ಸಾಕಾಯಿತು. ಗೆದ್ದವಳು ತಂಗಿ, ಅದಕ್ಕೇ ಸೋತವಳ ಮೇಲೆ ಇವರಿಗೆ ಮರುಕ. ಅವಳು ಬಾಗಿಲನ್ನು ಸದ್ದಾಗುವಂತೆ ಎಳೆದುಕೊಂಡು ಹೊರಬಿದ್ದಳು. ಜಲಪಾತದ ಪರದೆ ಒಮ್ಮೆ ಅಲ್ಲಾಡಿತು.

ಅರ್ಧಕ್ಕಿಂತ ಹೆಚ್ಚು! ದಾರಿಯುದ್ದಕ್ಕೂ ಅದೇ ಮಾತು ಅವಳ ತಲೆಯಲ್ಲಿ ಗಿರಕಿ ಹೊಡೆಯಿತು. ತಾನು ಬೆಂದು ಬೇಯಿಸಿ ಹಾಕಿದ್ದೆಲ್ಲ ಅರ್ಧಕ್ಕಿಂತ ಕಡಿಮೆಯಾಯಿತು, ಅವಳು ಸಂಜೆ ಕೊಟ್ಟ ಚಹಾ ಬಿಸ್ಕತ್ತು ಅರ್ಧಕ್ಕಿಂತ ಹೆಚ್ಚಾಯಿತು. ಉಬ್ಬಸದ ರಾತ್ರಿಗಳನ್ನು ಯಾವ ಕಾಗದದಲ್ಲಿ ಬರೆಸುವುದು? ನಗಿಸಿದವಳಿಗೇ ಸರಕಾರವೂ ಒಲಿಯಿತಲ್ಲ ಎಂದು ಅವಳಿಗೆ ಅಳುವೇ ಬಂತು. ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು.

ತಂಗಿಯ ಮನೆ ಮೂರನೆಯ ಮಹಡಿ. ಇಕ್ಕಟ್ಟಾದ ಮೆಟ್ಟಿಲು, ಪ್ರತಿ ತಿರುವಿನಲ್ಲೂ ಯಾರದೋ ಸೈಕಲ್ಲು, ಯಾರದೋ ಬಕೆಟ್ಟು. ಅಕ್ಕ ಏದುಸಿರು ಬಿಡುತ್ತ ಹತ್ತಿ ಬಾಗಿಲು ಬಡಿದಳು. ತಂಗಿ ತೆರೆದಳು. ವಾರದ ನಡುವಿನ ದಿನ, ಅದೂ ಬೆಳಿಗ್ಗೆ, ಅವಳು ಮನೆಯಲ್ಲೇ ಇದ್ದದ್ದು ಹೇಗೆಂದು ಅಕ್ಕನಿಗೆ ಹೊಳೆಯಲೇ ಇಲ್ಲ. ಹೊಟ್ಟೆಕಿಚ್ಚಿಗೆ ಕಣ್ಣು ಬಹಳ ಚುರುಕು, ಆದರೆ ಅದು ನೋಡುವುದು ಒಂದನ್ನೇ. ಕೋಣೆಯಲ್ಲಿ ಮೊದಲಿದ್ದ ಮೆತ್ತನೆಯ ಕುರ್ಚಿಗಳಿರಲಿಲ್ಲ. ಟೀವಿ ಇರಲಿಲ್ಲ. ಗೋಡೆಯಲ್ಲಿ ಗಡಿಯಾರದ ಮೊಳೆ ಇತ್ತು, ಗಡಿಯಾರವಿರಲಿಲ್ಲ. ಅಕ್ಕ ಕಂಡದ್ದು ಟೀವಿ ಇದ್ದ ಜಾಗದಲ್ಲಿ ಕೂತಿದ್ದ ಗಾಜಿನ ತೊಟ್ಟಿಯನ್ನು ಮಾತ್ರ. ಸಣ್ಣ ದೀಪದ ಬೆಳಕಿನಲ್ಲಿ ನಾಲ್ಕು ಕಿತ್ತಳೆ ಮೀನುಗಳು ಆರಾಮವಾಗಿ ಓಡಾಡಿಕೊಂಡಿದ್ದವು.

“ಓಹೋ, ಮೀನು ಬೇರೆ ತಂದುಕೊಟ್ಟಿದ್ದಾನೆ!”

“ಬಾ ಅಕ್ಕ, ಕೂತ್ಕೋ. ಯಾಕೆ ಹೀಗೆ ಏದುಸಿರು ಬಿಡ್ತಿದ್ದೀಯ?”

“ನನ್ನ ಮನೆಗೆ ಒಂದು ಮೀನು ತಂದವನಲ್ಲ ಅವನು.”

“ನೀನೇ ಬೇಡ ಅಂದಿದ್ದೆಯಂತೆ. ಸೋಪಿನ ನೀರು ಬಿದ್ದು ಸಾಯುತ್ವೆ ಅಂತ.”

ನಿಜವೇ. ಆದರೆ ನಿಜ ಹೇಳಿದವರ ಮೇಲೆ ಆ ಹೊತ್ತಿಗೆ ಯಾರಿಗೆ ತಾನೇ ಪ್ರೀತಿ ಬರುತ್ತದೆ? ಅಕ್ಕ ಒಳಗಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಕಾರಿಕೊಂಡಳು. “ಚಿಕ್ಕಂದಿನಿಂದ ನಿಂದು ಇದೇ ಬುದ್ಧಿ. ಬೆಳಗ್ಗಿನವರೆಗೂ ಬೆನ್ನು ನೀವಿದವಳು ನಾನು, ಆಮೇಲೆ ಬಂದು ಎತ್ಕೊಂಡು ಹೋಗೋಳು ನೀನು. ಈಗ ಇಷ್ಟು ವರ್ಷ ಸಾಕಿದ್ಮೇಲೆ ನನಗೆ ಒಂದು ಮಾತೂ ಹೇಳದೆ ಅವನನ್ನ ನಿನ್ನ ಲೆಕ್ಕಕ್ಕೆ ಬರೆಸ್ಕೊಂಡಿದ್ದೀಯ! ಏನು ಮಾಡ್ದೆ ನೀನು ಅವನಿಗೆ? ಎಷ್ಟು ಬಟ್ಟೆ ಒಗೆದೆ? ಎಷ್ಟು ಹೊತ್ತು ಊಟ ಹಾಕ್ದೆ? ಮೇಷ್ಟ್ರು ಮುಖದ ಮೇಲೆ ಹೊಡೆದ ಹಾಗೆ ಹೇಳಿದ್ರು, ಬರೆಯೋಕಾಗಲ್ಲ ಅಂತ!”

ತಂಗಿ ಬಾಗಿಲು ಮುಚ್ಚಿದಳು. ನಗಲು ಹೊರಟಂತೆ ಅವಳ ತುಟಿ ಒಂದು ಕಡೆ ಎಳೆಯಿತು, ಆದರೆ ನಗು ಬರಲಿಲ್ಲ.

“ನಾನು ಅವನನ್ನ ಬರೀಲಿಲ್ಲ ಅಕ್ಕ.”

“ಮತ್ತೆ?”

“ಅವನು ನನ್ನ ಬರೆದಿದ್ದಾನೆ.”

ಅಕ್ಕನ ತಲೆಗೆ ಹತ್ತಲಿಲ್ಲ. ತಂಗಿ ಇದ್ದ ಒಂದೇ ಸ್ಟೂಲನ್ನು ಅವಳ ಕಡೆ ನೂಕಿ, ತಾನು ಕಿಟಕಿಯ ಕಟ್ಟೆಯ ಮೇಲೆ ಕೂತಳು. “ಹೋದ ವರ್ಷದ ಶುರೂಲೇ ಕನ್ನಡಕದ ಅಂಗಡಿ ಮುಚ್ಚಿದ್ರು. ಎಲ್ಲಾ ಕಡೆ ಕೇಳ್ಕೊಂಡು ಬಂದೆ. ಈ ವಯಸ್ಸಿಗೆ ಯಾರು ತಗೋತಾರೆ? ಕಣ್ಣಾಸ್ಪತ್ರೇಲಿ ಕೆಲಸ ಇದೆ ಅಂದ್ರು, ಹೋಗಿ ಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಮೀನಿನ ತೊಟ್ಟಿ. ಒಬ್ಬ ಮೊಣಕೈವರೆಗೂ ಕೈ ಮುಳುಗಿಸ್ಕೊಂಡು ಏನೋ ಕೆರೀತಿದ್ದ. ತಿರುಗಿದ್ರೆ ಇವನೇ. ಏನೂ ಕೇಳ್ಲಿಲ್ಲ ಅಕ್ಕ. ಕೈ ಒರೆಸ್ಕೊಂಡು ನನ್ನ ಜೊತೆ ಆಚೆ ಬಂದ. ಆವತ್ತಿಂದ ಬಾಡಿಗೆ ಅವನದು, ಸಾಮಾನು ಅವನದು. ನನಗೆ ಅಂತ ನಾನು ಮಾಡ್ಕೊಳೋ ಖರ್ಚು ಈ ಮೀನಿನ ಕಾಳು ಒಂದೇ. ಅದನ್ನೂ ಅವನೇ ತರ್ತಾನೆ ಅನ್ನು.”

“ಅವನ ಹತ್ರ ಅಷ್ಟೆಲ್ಲ ದುಡ್ಡೆಲ್ಲಿಂದ ಬರ್ಬೇಕು?”

ಈಗ ತಂಗಿ ನಿಜವಾಗಿಯೂ ನಕ್ಕಳು. “ನಿಂಗೆ ಗೊತ್ತೇ ಇಲ್ವಾ? ಊರಿನ ದೊಡ್ಡ ಆಸ್ಪತ್ರೆಯ ಎಲ್ಲಾ ಮಹಡೀಲೂ ಇರೋ ತೊಟ್ಟಿಗಳು ಹೋದ ವರ್ಷದಿಂದ ಅವನ ಕೈಗೇ ಬಂದ್ವು. ಆಮೇಲೆ ಎರಡು ಹೋಟೆಲು. ಅವನ ಕೈಕೆಳಗೆ ಇಬ್ಬರು ಕೆಲಸ ಮಾಡ್ತಾರೆ. ತೆರಿಗೆ ಕಟ್ಟೋನಾಗಿದ್ದಾನೆ ಅಕ್ಕ ನಮ್ಮ ಪುಟ್ಟ!”

ಬೀದಿಗೆಲ್ಲ ಗೊತ್ತಿದ್ದಿರಬೇಕು. ಗೊತ್ತಿಲ್ಲದವಳು ತಾನೊಬ್ಬಳೇ. ಅವನ ಅಂಗಿಯ ಕಾಲರನ್ನು ದಿನಾ ಉಜ್ಜುವವಳು ತಾನು.

“ನಂಗ್ಯಾಕೆ ಹೇಳ್ಲಿಲ್ಲ ನೀನು? ಕೆಲಸ ಹೋಯ್ತು ಅಂತ? ನಾನು ಸತ್ತಿದ್ನಾ?”

ತಂಗಿ ಮೀನಿನ ತೊಟ್ಟಿಯ ಕಡೆ ತಿರುಗಿದಳು. “ಹೇಳಿದ್ರೆ ನೀನು ಕೊಡ್ತಿದ್ದೆ ಅಕ್ಕ, ಖಂಡಿತ ಕೊಡ್ತಿದ್ದೆ. ಆದ್ರೆ ಇಸ್ತ್ರಿ ಮೇಜಿನ ಮುಂದೆ ನಿಂತೋರಿಗೆಲ್ಲ ಹೇಳ್ತಿದ್ದೆ. ಅವನಿಗೆ ನಾನೇ ದಿಕ್ಕು ಅಂತೀಯಲ್ಲ, ಆಗ ಇವರಿಬ್ಬರಿಗೂ ನಾನೇ ದಿಕ್ಕು ಅಂತಿದ್ದೆ. ಅವನು ಕೇಳಿಸ್ಕೊಂಡು ನಗ್ತಾನೆ. ನನಗೆ ಆಗಲ್ಲ.”

ನ್ಯಾಯವಾಗಿ ನೋಡಿದರೆ ಅಕ್ಕನಿಗೆ ಆಗ ತಂಗಿಯ ಮೇಲೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ, ಅವಳೇನು ಕಲ್ಲಲ್ಲ. ಆದರೆ ಆ ಮರುಕ ಬಂದು ಹೊಸಿಲಲ್ಲೇ ನಿಂತುಬಿಟ್ಟಿತು. ಒಳಗೆ ಬಂದು ಕಾಲು ಚಾಚಿ ಕೂತದ್ದು ಮತ್ತೆ ಹೊಟ್ಟೆಕಿಚ್ಚೇ. ಈ ಸಲದ್ದು ಹಳೆಯದರ ಹತ್ತು ಪಟ್ಟು. ತಂಗಿ ತಮ್ಮನನ್ನು ಸಾಕುತ್ತಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು, ಜಗಳವಾಡಿ ವಾಪಸು ಕಿತ್ತುಕೊಳ್ಳಬಹುದಿತ್ತು. ತಮ್ಮನೇ ತಂಗಿಯನ್ನು ಸಾಕುತ್ತಿದ್ದಾನೆ! ದಿನಾ ಚೀಲ ಹೊತ್ತು ಮೂರು ಮಹಡಿ ಹತ್ತುತ್ತಾನೆ. ತನಗಾಗಿ ಅವನು ಯಾವತ್ತಾದರೂ ಒಂದು ಮೆಟ್ಟಿಲು ಹತ್ತಿದ್ದುಂಟೇ? ಅಕ್ಕ “ಸರಿ, ಅಂಗಡಿ ತೆಗೀಬೇಕು,” ಎಂದು ಎದ್ದು ಬಂದಳು.

ಆವತ್ತು ಲಾಂಡ್ರಿಯಲ್ಲಿ ಮಾತಿಲ್ಲ. ಬಂದವರು ಬಟ್ಟೆ ಹಾಕಿ, ಅವಳ ಮುಖ ನೋಡಿ, ಲೋಕಾಭಿರಾಮ ಬಿಟ್ಟು ಹೊರಟರು. ಇಸ್ತ್ರಿಪೆಟ್ಟಿಗೆಯ ಹಬೆ ಅವಳ ಪರವಾಗಿ ಬುಸುಗುಟ್ಟುತ್ತಿತ್ತು.

ತಮ್ಮ ಅಂದು ಬೇಗ ಬಂದ. ತಂಗಿ ಸುದ್ದಿ ಮುಟ್ಟಿಸಿರಬೇಕು. ಲಾಂಡ್ರಿಯ ಹಿಂದಿನ ಅಡುಗೆಮನೆಯಲ್ಲಿ ಕೈ ತೊಳೆದು, ಗೋಡೆಗೆ ಬೆನ್ನು ಕೊಟ್ಟು ಕೂತ. ಅಕ್ಕ ತಟ್ಟೆಯನ್ನು ಅವನ ಮುಂದೆ ಕುಕ್ಕಿದಳು.

“ಇಲ್ಲಿ ಉಣ್ತೀಯೋ, ಅಲ್ಲೇ ಆಯ್ತೋ?”

“ಇಲ್ಲೇ ಅಕ್ಕ.”

“ಕೈಕೆಳಗೆ ಇಬ್ಬರು ಆಳುಗಳಂತೆ.”

“ನೀನು ಕೇಳ್ಲೇ ಇಲ್ವಲ್ಲ.” ಅವನ ದನಿಯಲ್ಲಿ ದೂರಿರಲಿಲ್ಲ. ಕೂಸಾಗಿದ್ದಾಗ ಔಷಧಿ ಉಗುಳಿ ಮುಖ ನೋಡುತ್ತಿದ್ದನಲ್ಲ, ಹಾಗೆ ನೋಡಿದ. “ಮೇಷ್ಟ್ರ ಹತ್ರ ಹೋಗಿದ್ದೆ. ಇಷ್ಟು ದುಡಿಯೋನನ್ನ ಯಾರೂ ಅವಲಂಬಿತ ಅಂತ ಬರ್ಕೊಳೋ ಹಾಗಿಲ್ಲ ಕಣಯ್ಯ, ಈಗ ನಿನ್ನ ಮೇಲೆ ಯಾರಿದ್ದಾರೆ ಹೇಳು ಅಂದ್ರು. ಸಣ್ಣಕ್ಕನ ಹೆಸರು ಹೇಳ್ದೆ. ನಿಂಗೆ ಹೇಳ್ಬೇಕು ಅಂತ ದಿನಾ ಅಂದ್ಕೋತಿದ್ದೆ. ನಿಂಗೆ ಬೇಜಾರಾಗುತ್ತೆ ಅಂತ ಗೊತ್ತಿತ್ತು.”

“ಅವಳ ಹೆಸರು ನೆನಪಾಯ್ತು. ನನ್ನ ಹೆಸರು ನೆನಪಾಗ್ಲಿಲ್ವಾ ನಿಂಗೆ?”

“ನಿಂದಾ?” ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ನೀನು ನನ್ನ ಹತ್ರ ಏನು ತಗೊಂಡಿದ್ದೀಯ ಅಕ್ಕ, ಬರೆಯೋಕೆ?”

ಅಕ್ಕ ಬೆನ್ನು ತಿರುಗಿಸಿ ಒಲೆಯ ಕಟ್ಟೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆಮೇಲೆ ಗೋಡೆಗೆ ಹೇಳುವಂತೆ ಹೇಳಿದಳು, “ನನ್ನೂ ಬರಿ.”

“ಆಗಲ್ಲಕ್ಕ. ಅಂಗಡಿ ಇಷ್ಟು ಚೆನ್ನಾಗಿ ನಡೀತಿದೆ. ಅಷ್ಟು ದುಡಿಯೋರನ್ನ ಬರೆಯೋ ಹಾಗಿಲ್ಲ.”

“ಅಂಗಡಿ ಮುಚ್ಚಿದ್ರೆ?”

ತಮ್ಮ ಬಾಯಲ್ಲಿದ್ದ ತುತ್ತು ನೆತ್ತಿಗೇರುವಷ್ಟು ನಕ್ಕ. ಮೀನಿಗೆ ಸ್ನಾನ ಮಾಡಿಸುವ ಕೆಲಸ ಎಂದಾಗ ಅವಳು ನಕ್ಕಿದ್ದಕ್ಕಿಂತ ಜೋರಾಗಿ ನಕ್ಕ. ಕೆಮ್ಮಿ, ನೀರು ಕುಡಿದು, ತಲೆಯೆತ್ತಿ ಅವಳ ಮುಖ ನೋಡಿದ. ಅಲ್ಲಿ ನಗುವಿರಲಿಲ್ಲ. ಅವನ ನಗುವೂ ನಿಂತಿತು.

“ಅಕ್ಕ,” ಅಂದ, ಲೋಟ ಕೆಳಗಿಟ್ಟು. “ಕಾಗದ, ಕಾನೂನು ಎಲ್ಲಾ ಹಾಳಾಗಿ ಹೋಗ್ಲಿ. ನಾಳೆ ಅಂಗಡಿ ತೆಗೀಬೇಡ. ಬೆಳಿಗ್ಗೆ ಚಹಾದಿಂದ ಹಿಡಿದು ಎಲ್ಲಾ ನಂದು. ನೀನು ಸುಮ್ಮನೆ ಕೂತಿರು. ಎಲ್ಲಿಗೆ ಬೇಕೋ ಕರ್ಕೊಂಡು ಹೋಗ್ತೀನಿ, ಏನು ಬೇಕೋ ಕೊಡಿಸ್ತೀನಿ.”

ಇಷ್ಟು ವರ್ಷ ಹೊಟ್ಟೆಯುರಿ ಪಟ್ಟದ್ದು ಈ ಒಂದು ಮಾತಿಗಾಗಿಯೇ ಎಂದು ಅವಳಿಗೆ ಗೊತ್ತಾಯಿತು. ಹೂಂ ಅನ್ನಬೇಕು, ಅಷ್ಟೇ. ಅವಳು ಬಾಯಿ ತೆರೆದಳು.

“ನಾಳೆ ಆಗಲ್ವೋ. ಹೋಟೆಲಿನ ಹಾಸಿಗೆ ಬಟ್ಟೆ ಬರುತ್ತೆ.”

“ನಾಡಿದ್ದು?”

“ನಾಡಿದ್ದು ಶಾಲೆ ಯೂನಿಫಾರ್ಮು ಕೊಡ್ತೀನಿ ಅಂತ ಒಪ್ಪಿಕೊಂಡಿದ್ದೀನಿ.”

“ಭಾನುವಾರ? ಅಂಗಡಿಗೆ ರಜ ಅಲ್ವಾ?”

“ರಜದಲ್ಲಿ ತಾನೇ ಯಂತ್ರ ತೊಳೆಯೋದು!” ಎಂದು ಅವಳು ಗದರಿದಳು. ಗದರಿದ ಮೇಲೆ ತನ್ನ ದನಿ ತನಗೇ ಕೇಳಿಸಿತು.

ತಮ್ಮ ಮತ್ತೆ ಯಾವ ದಿನವನ್ನೂ ಹೇಳಲಿಲ್ಲ. ಉಣ್ಣುವುದನ್ನು ಮುಗಿಸಿ, ತಟ್ಟೆ ಎತ್ತಿಕೊಂಡು ತೊಳೆಯಲು ಹೋದ. “ಕೊಡಿಲ್ಲಿ, ನಿನಗ್ಯಾಕೆ,” ಎಂದು ಅವಳ ಕೈ ತಾನಾಗಿಯೇ ಮುಂದೆ ಹೋಗಿ ಅದನ್ನು ಕಿತ್ತುಕೊಂಡಿತು. ಅವನು ಒಂದು ಗಳಿಗೆ ಬರಿಗೈಯಲ್ಲಿ ನಿಂತಿದ್ದು, ತನ್ನ ಕೋಣೆಗೆ ಹೋದ.

ಅಕ್ಕ ತಟ್ಟೆ ಹಿಡಿದು ನಲ್ಲಿಯ ಮುಂದೆ ನಿಂತಳು. ತಮ್ಮನನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಅವನು ಕೊಡುತ್ತೇನೆಂದು ಬಂದಾಗ ತಂಗಿ ಕೈ ಚಾಚಿದಳು, ತಾನು ಕೈ ಮಡಚಿ ಕಳಿಸಿದಳು. ವ್ಯತ್ಯಾಸ ಇಷ್ಟೇ. ಕೈ ಚಾಚುವುದನ್ನು ಅವಳಿಗೆ ಯಾರು ಕಲಿಸಿದರೋ, ತನಗೆ ಯಾರೂ ಕಲಿಸಿರಲಿಲ್ಲ. ಅದು ಹೇಗೆ ಮಾಡುವುದೆಂದು ತಂಗಿಯನ್ನೇ ಕೇಳಬೇಕು. ಬೇರೆ ಯಾರಿಗೂ ಅದು ಗೊತ್ತಿರಲಾರದು.

ಆದರೆ ಅವಳನ್ನು ಕೇಳುವುದೇ? ಅಕ್ಕ ಕಣ್ಣೊರೆಸಿಕೊಂಡು ನಲ್ಲಿ ತಿರುಗಿಸಿದಳು. ಅದಕ್ಕಿಂತ ಆ ಇಡೀ ಹೋಟೆಲಿನ ಹಾಸಿಗೆ ಬಟ್ಟೆಗಳನ್ನು ಒಬ್ಬಳೇ ಇಸ್ತ್ರಿ ಮಾಡುವುದು ಸುಲಭವಾಗಿತ್ತು.